ಹುದ್ದೆ ರದ್ದು, ಹೆಸರು ಕಾಯಂ

ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಅಗಸಿ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಹಳೇ ವಾಡೆ. ಹಿಂದಿನ ಗೋಡೆ ಕುಸಿದು ಅಲ್ಲಿ ಜಾಲಿ ಬೆಳೆದಿದೆ, ಮುಂದಿನ ದೊಡ್ಡ ಬಾಗಿಲಿಗೆ ಮಾತ್ರ ಹೊಸದಾಗಿ ಎಣ್ಣೆ ಸವರಿದ್ದಾರೆ. ಪಡಸಾಲೆಯ ಗಾದಿಯ ಮೇಲೆ ಲೋಡಿಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದದ್ದು ಒಂದು ಅಡ್ಡಹೆಸರು. ಮೂರೇ ಅಕ್ಷರ: ಪಾಟೀಲ. ಎಲೆತಟ್ಟೆಯ ಪಕ್ಕದಲ್ಲಿ ಮೂರು ಮೊಬೈಲು, ಪಕ್ಷಕ್ಕೊಂದರಂತೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ.

ಪಾಟೀಲ: ಬರ್ರಿ, ಬರ್ರಿ. ಕುಂದರ್ರಿ. ನಿಮ್ಮ ಅಡ್ಡಹೆಸರೇನ್ರಿ?

ನಾನು: ನಮ್ಮ ಮೈಸೂರು ಕಡೆ ಅಡ್ಡಹೆಸರು ಇಟ್ಟುಕೊಳ್ಳುವವರು ಕಡಿಮೆ ಸರ್. ಇರುವುದು ಎರಡು ಇನಿಶಿಯಲ್. ಒಂದು ಊರಿಗೆ, ಒಂದು ಅಪ್ಪನಿಗೆ.

ಪಾಟೀಲ: ಅಯ್ಯ ಪಾಪ, ಊರನ್ನೂ ಅಪ್ಪನ್ನೂ ಒಂದೊಂದು ಚುಕ್ಕಿಯೊಳಗ ಮುಗಿಸಿಬಿಟ್ಟೀರಿ. ಆದ್ರ ನಿಮ್ಮ ಕಡೆ ಮಂದಿನೂ ಕಡಿಮಿ ಶಾಣ್ಯಾ ಇಲ್ಲ ಬಿಡ್ರಿ. ಎಚ್.ಡಿ. ದೇವೇಗೌಡ್ರು, ಎಚ್.ಡಿ. ಕುಮಾರಸ್ವಾಮಿ. ಅಪ್ಪನ ‘ಡಿ’ ಅಂದ್ರ ದೊಡ್ಡೇಗೌಡ, ಮಗನ ‘ಡಿ’ ಅಂದ್ರ ದೇವೇಗೌಡ. ತಲಿಮಾರು ಬದಲಾದ್ರೂ ಬೋರ್ಡಿನ ಮೊದಲ ಎರಡಕ್ಷರಕ್ಕ ಬಣ್ಣದ ಖರ್ಚಿಲ್ಲ.

ನಾನು: ನಿಮ್ಮ ಕಡೆ ಹೇಗೆ?

ಪಾಟೀಲ: ನಮ್ಮ ಕಡೆ ತಿರುವಿ ಹಾಕ್ತೀವಿ. ಗದಗಿನ ಹುಲಕೋಟಿ ಮನಿತನ ನೋಡ್ರಿ: ಅಪ್ಪ ಕೆ.ಎಚ್. ಪಾಟೀಲ, ಮಗ ಎಚ್.ಕೆ. ಪಾಟೀಲ. ನಮ್ಮ ಜಿಲ್ಲಾದಾಗ ಅಪ್ಪ ಬಿ.ಎಂ. ಪಾಟೀಲ, ಮಗ ಎಂ.ಬಿ. ಪಾಟೀಲ. ಅಜ್ಜನ ಹೆಸರು ಮೊಮ್ಮಗನಿಗೆ ಇಡೋ ಪದ್ಧತಿ. ಎರಡು ಹೆಸರು ಇದ್ರ ನೂರು ವರ್ಷ ನಡೀತದ. ನಾ ಮಾತ್ರ ಕಡೀಕ ಅಲುಗಾಡದ ಕುಂತಿರ್ತೀನಿ.

ನಾನು: ಈ ಜಿಲ್ಲೆಯಲ್ಲಿ ನಿಮ್ಮ ಬಲ ಎಷ್ಟು?

ಪಾಟೀಲ: 2023ರ ವಿಧಾನಸಭಾ ಎಲೆಕ್ಷನ್ ಲೆಕ್ಕ ಹೇಳ್ತೀನಿ, ಬರಕೊಳ್ರಿ. ಬಬಲೇಶ್ವರ, ಎಂ.ಬಿ. ಪಾಟೀಲ. ಬಸವನ ಬಾಗೇವಾಡಿ, ಶಿವಾನಂದ ಪಾಟೀಲ. ಇಂಡಿ, ಯಶವಂತರಾಯಗೌಡ ಪಾಟೀಲ. ವಿಜಯಪುರ ನಗರ, ಬಸನಗೌಡ ಪಾಟೀಲ ಯತ್ನಾಳ. ದೇವರ ಹಿಪ್ಪರಗಿ, ರಾಜುಗೌಡ ಪಾಟೀಲ. ಎಷ್ಟಾತು?

ನಾನು: ಎಂಟರಲ್ಲಿ ಐದು.

ಪಾಟೀಲ: ಮುದ್ದೇಬಿಹಾಳಕ್ಕ ನಾಡಗೌಡ್ರು ಬಂದ್ರು. ನಾ ಒಂದು ಊರಿಗೆ ದೊಡ್ಡಾಂವ ಆದ್ರ ಅವರು ಒಂದು ನಾಡಿಗೇ ದೊಡ್ಡವರು, ಅಂದ್ರ ನಮಗ ದೊಡ್ಡಪ್ಪ ಇದ್ದಂಗ. ಉಳಿದದ್ದು ಸಿಂದಗಿ ಮತ್ತ ನಾಗಠಾಣ. ನಾಗಠಾಣ ಪರಿಶಿಷ್ಟ ಜಾತಿಗೆ ಮೀಸಲು.

ನಾನು: ಅಂದರೆ ಜಿಲ್ಲೆಯಲ್ಲಿ ಮೀಸಲಾತಿ ಇರುವುದು ಒಂದೇ ಕ್ಷೇತ್ರದಲ್ಲಿ?

ಪಾಟೀಲ: *(ಅಡಿಕೆ ಚೂರು ಬಾಯಿಗೆ ಹಾಕಿಕೊಂಡು)* ಕಾಗದದ ಮ್ಯಾಲ ಒಂದ ಅದ ನೋಡ್ರಿ.

ನಾನು: ಐವರೂ ಒಂದೇ ಪಕ್ಷದವರಾ?

ಪಾಟೀಲ: ಛೇ ಛೇ. ಗೆದ್ದಾಗ ಮೂವರು ಕಾಂಗ್ರೆಸ್, ಒಬ್ಬರು ಬಿಜೆಪಿ, ಒಬ್ಬರು ಜೆಡಿಎಸ್. ಬಿತ್ತೋ ರೈತ ಒಂದ ಹೊಲಕ್ಕ ಎಲ್ಲಾ ಬೀಜ ಚೆಲ್ತಾನೇನು? ಸೋತವರನ್ನೂ ನೋಡ್ರಿ. ಬಬಲೇಶ್ವರದಾಗ ಸೋತವರು ವಿಜುಗೌಡ ಪಾಟೀಲ. ದೇವರ ಹಿಪ್ಪರಗಿಯಾಗ ಸೋತವರು ಸೋಮನಗೌಡ ಪಾಟೀಲ ಸಾಸನೂರ. ಪಾಟೀಲ ಗೆದ್ದಾ, ಪಾಟೀಲ ಸೋತಾ. ಎಣಿಕಿ ಕೇಂದ್ರದ ಹೊರಗ ಗುಲಾಲು ಹಾರಿಸಿದವರೂ ನನ್ನ ಹೆಸರೇ ಕೂಗಿದ್ರು, ಅಳತಾ ಮನಿಗೆ ಹೋದವರೂ ನನ್ನ ಹೆಸರೇ ಹಿಡಿದು ಅತ್ರು. ನೀವು ಕುಂದರ್ರಿ, ಖುರ್ಚಿ ಅದ ಅಲ್ಲಿ.

ನಾನು: ಇರಲಿ ಸರ್, ಪರವಾಗಿಲ್ಲ. ಯಶವಂತರಾಯಗೌಡ ಪಾಟೀಲ, ಬಸನಗೌಡ ಪಾಟೀಲ... ಗೌಡ ಅಂದರೂ ಪಾಟೀಲ ಅಂದರೂ ಊರ ಮುಖ್ಯಸ್ಥನೇ ಅಲ್ಲವೇ?

ಪಾಟೀಲ: ಕನ್ನಡದಾಗ ಒಮ್ಮೆ, ಮರಾಠಿಯಾಗ ಒಮ್ಮೆ. ಗಡಿನಾಡಿನ ಬಸ್ಸಿನ ಬೋರ್ಡು ಇದ್ದಂಗ, ಎರಡೂ ಭಾಷಿ ಓದೋ ಮಂದಿ ಹತ್ತಬೇಕಲ್ಲ.

ನಾನು: ನಿಮ್ಮ ಮೂಲ?

ಪಾಟೀಲ: ಹಳೇ ಶಾಸನದಾಗ ‘ಪಟ್ಟಕಿಲ’ ಅಂತ ಬರ್ತೀನಿ. ಪಟ್ಟ ಹಿಡಿದಾಂವ. ಬಾದಶಾಹಿ ಬಂತು, ಪೇಶವಾಯಿ ಬಂತು, ಇಂಗ್ಲೀಷರು ಬಂದ್ರು. ಯಾರು ಬಂದ್ರೂ ಊರಾಗಿನ ಕಂದಾಯ ಎತ್ತಿ ಕೊಡಾಕ ಒಬ್ಬಾಂವ ಬೇಕಲ್ಲ? ಅಂವ ನಾ. ಇಂಗ್ಲೀಷರಂತೂ 1874ರಾಗ ಮುಂಬೈ ಇಲಾಖೆಗೆ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಅಂತನೇ ಮಾಡಿ ನಮ್ಮನ್ನ ಪುಸ್ತಕದಾಗ ಬರದು ಕೂಡ್ಸಿದ್ರು. ಕಂದಾಯ ನೋಡೋ ಪಾಟೀಲ ಬ್ಯಾರೆ, ಕಳ್ಳಕಾಕರನ್ನ ನೋಡೋ ಪೊಲೀಸ್ ಪಾಟೀಲ ಬ್ಯಾರೆ. ಕಲಬುರ್ಗಿ, ರಾಯಚೂರ ಕಡೆ ಮಾಲಿಪಾಟೀಲ ಅಂತಾರಲ್ಲ, ನಿಮ್ಮ ಬೆಂಗಳೂರು ಮಂದಿ ಅಂವ ತ್ವಾಟದ ಮಾಲಿ ಇರಬೇಕು ಅನ್ಕೋತಾರ. ಅದು ಮಾಲು, ಅಂದ್ರ ಕಂದಾಯ. ನಿಜಾಮನ ಲೆಕ್ಕ.

ನಾನು: ಆ ಹುದ್ದೆಯನ್ನು ಸರ್ಕಾರ ರದ್ದು ಮಾಡಿತಲ್ಲ?

ಪಾಟೀಲ: ಮಾಡ್ತು ಮಾಡ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. 1963ರ ಫೆಬ್ರವರಿ 1ಕ್ಕ ಜಾರಿಗೆ ಬಂತು. ಅಪ್ಪನ ಪಾಟೀಲ್ಕಿ ಮಗನಿಗೆ ಹೋಗೋದು ಬಂದ್. ನನ್ನ ಕೆಲಸಕ್ಕ ಪಗಾರದ ತಲಾಠಿ ಬಂದಾ. ಆ ದಿನ ನಮ್ಮ ವಾಡೇದಾಗ ಒಲಿ ಹಚ್ಚಿರಲಿಲ್ಲ.

ನಾನು: ಆಮೇಲೆ?

ಪಾಟೀಲ: ಆಮ್ಯಾಲ ಏನು, ಹುದ್ದಿಗಂತ ಕೊಟ್ಟಿದ್ದ ವತನದ ಹೊಲ ಸರ್ಕಾರಕ್ಕ ಹೋದಂಗ ಮಾಡಿ, ರೊಕ್ಕ ಕಟ್ಟಿಸಿಕೊಂಡು ಮತ್ತ ವತನದಾರರಿಗೇ ಮರುಮಂಜೂರಾತು. ಹೊಲ ಉಳೀತು. ವಾಡೇ ಉಳೀತು. ಹೆಸರಂತೂ ರೇಷನ್ ಕಾರ್ಡಿನಾಗೇ ಅದ. ಹೋದದ್ದು ಹುದ್ದಿ ಒಂದ. ಐದು ವರ್ಷಕ್ಕೊಮ್ಮೆ ಅದಕ್ಕಿಂತ ದೊಡ್ಡ ಹುದ್ದಿ ತಾನಾಗಿ ಅಗಸಿ ಮಟ ಬರ್ತದ ಅಂದ ಮ್ಯಾಲ, ಹೋದದ್ದರ ಚಿಂತಿ ಯಾಕ್ರಿ?

ನಾನು: ಜನ ಓಟು ಹಾಕಿ ಗೆಲ್ಲಿಸಿದ್ದನ್ನು ವಂಶಪಾರಂಪರ್ಯ ಎನ್ನಬಾರದು ಎಂದು ನಿಮ್ಮವರು ಹೇಳುತ್ತಾರೆ.

ಪಾಟೀಲ: ಖರೇನ ಅದ. ಮತ್ತ ನಮ್ಮದು ಒಂದ ಮನಿತನನೂ ಅಲ್ರಿ. ಲಿಂಗಾಯತರಾಗ ಅದೀನಿ, ರೆಡ್ಡ್ಯಾರಾಗ, ಮರಾಠರಾಗ, ಜೈನರಾಗ, ಮುಸಲರಾಗೂ ಅದೀನಿ. ಹೆಣ್ಣು ಕೊಟ್ಟು ತರೋ ಸಂಬಂಧ ಇಲ್ಲ, ರಕ್ತ ಸಂಬಂಧ ಇಲ್ಲ. ಖುರ್ಚಿ ಸಂಬಂಧ ಒಂದ ಅದ.

ನಾನು: 2023ರ ಸಂಪುಟದಲ್ಲಿ ನಾಲ್ವರು ಪಾಟೀಲರು ಮಂತ್ರಿಗಳಾದರು. ಗೊಂದಲ ಆಗುವುದಿಲ್ಲವೇ?

ಪಾಟೀಲ: ಆಗದ ಏನ್ರಿ! ಎಚ್.ಕೆ. ಅವರಿಗೆ ಕಾನೂನು, ಎಂ.ಬಿ. ಅವರಿಗೆ ಕೈಗಾರಿಕೆ, ಶರಣಪ್ರಕಾಶರಿಗೆ ವೈದ್ಯಕೀಯ ಶಿಕ್ಷಣ, ಶಿವಾನಂದರಿಗೆ ಸಕ್ಕರಿ. ಈಗ ಒಬ್ಬ ರೈತ ‘ಮಂತ್ರಿ ಪಾಟೀಲ ಸಾಹೇಬ್ರು, ವಿಧಾನಸೌಧ’ ಅಂತ ವಿಳಾಸ ಬರದು, ಕಬ್ಬು ಕಡಿಯೋ ಗ್ಯಾಂಗ್ ಬಂದಿಲ್ಲ ಅಂತ ಪತ್ರ ಹಾಕಿದಾ ಅನ್ರಿ. ಕಾನೂನು ಪಾಟೀಲರ ಕಚೇರಿಯಾಗ ‘ಪರಿಶೀಲಿಸಿ ಮಂಡಿಸಿ’ ಅಂತ ಷರಾ. ಕೈಗಾರಿಕಾ ಪಾಟೀಲರ ಕಚೇರಿಯಾಗ ‘ಈ ಇಲಾಖೆಗೆ ಸಂಬಂಧಿಸಿರುವುದಿಲ್ಲ’ ಅಂತ ಸೀಲು. ವೈದ್ಯಕೀಯ ಪಾಟೀಲರ ಕಡೆ ಹೋಗಿ ಸಕ್ಕರಿ ಪಾಟೀಲರ ಟೇಬಲ್ಲಿಗೆ ಬರೋದ್ರಾಗ ಕಬ್ಬಿಗೆ ಸೂಲಂಗಿ ಬಂದು, ಹೊಲದಾಗ ಬೆಳ್ಳಗ ತೂಗ್ತಿರ್ತದ. ಸದನದಾಗ ಮಾತ್ರ ಭಾಳ ಅನುಕೂಲ. ಸಭಾಧ್ಯಕ್ಷರು ‘ಪಾಟೀಲ್ರೆ, ಕೂತ್ಕೊಳ್ಳಿ’ ಅಂದ್ರ ಎರಡೂ ಕಡೆಯವರು ಒಮ್ಮೆಲೇ ಕೂಡ್ತಾರ.

ನಾನು: ನೆರೆಯ ಮಹಾರಾಷ್ಟ್ರದಲ್ಲೂ ನಿಮ್ಮದೇ ದರ್ಬಾರು.

ಪಾಟೀಲ: ಅಲ್ಲಿಯ ಒಂದು ಮಾತು ನೆನಪಾದ್ರ ಈಗೂ ತಲಿ ತಗ್ಗಸ್ತೀನ್ರಿ. ಊರು ಕಾಯೋದು ನನ್ನ ಹಳೇ ಕೆಲಸ. 2008ರ ನವೆಂಬರದಾಗ ಮುಂಬೈ ಮ್ಯಾಲ ದಾಳಿ ಆತು. ಆವಾಗ ದಿಲ್ಲಿಯ ಗೃಹಮಂತ್ರಿ ಶಿವರಾಜ ಪಾಟೀಲ. ಮುಂಬೈಯಾಗ ಆರ್.ಆರ್. ಪಾಟೀಲ. ಎರಡೂ ಬಾಗಿಲಿಗೆ ನಾನ ಕಾವಲು. ಇಬ್ಬರೂ ರಾಜೀನಾಮೆ ಕೊಟ್ರು.

ನಾನು: ಪಾಟೀಲ್ಕಿ ಎರಡನೇ ಸಲ ರದ್ದಾಯಿತು ಅನ್ನಿ.

ಪಾಟೀಲ: ಎಲ್ಲಿದು! 2009ರಾಗ ಆರ್.ಆರ್. ಮತ್ತ ಅದ ಖುರ್ಚಿಗೆ ಬಂದ್ರು. 2010ರಾಗ ಶಿವರಾಜ ಪಾಟೀಲರು ಪಂಜಾಬಿಗೆ ರಾಜ್ಯಪಾಲರು. ನಮ್ಮ ಹುದ್ದಿ ರದ್ದಾಗೋದು ಅಂದ್ರ ಹೊಲಕ್ಕ ಒಂದು ವರ್ಷ ಬೀಳು ಬಿಟ್ಟಂಗ. ಮರುವರ್ಷ ಬೆಳಿ ಜೋರು ಬರ್ತದ.

ನಾನು: ಹಾಗಾದರೆ ನಿಮ್ಮನ್ನು ಯಾರೂ ತೆಗೆಯಲಾರರು?

ಪಾಟೀಲ: *(ಧ್ವನಿ ತಗ್ಗಿಸಿ)* ಹಂಗೂ ಅನಬ್ಯಾಡ್ರಿ. 1989ರಾಗ ವೀರೇಂದ್ರ ಪಾಟೀಲರು 178 ಸೀಟು ಗೆದ್ದು ಮುಖ್ಯಮಂತ್ರಿ ಆದ್ರು. ಮರುವರ್ಷ ದಿಲ್ಲಿಯಿಂದ ರಾಜೀವ ಗಾಂಧಿ ಬಂದ್ರು, ವಿಮಾನ ನಿಲ್ದಾಣದಾಗ ಒಂದು ಮಾತು ಹೇಳಿ ಹೋದ್ರು, ಮುಗೀತು. ಪಟ್ಟ ಕೊಡೋ ದಿಲ್ಲಿ, ಕಸಗೊಳ್ಳೋ ದಿಲ್ಲಿ. ಅದು ಬಾದಶಾನ ಕಾಲದಿಂದ ಬಂದ ಪದ್ಧತಿ, ಯಾವ ಕಾಯ್ದೆನೂ ರದ್ದು ಮಾಡಿಲ್ಲ. ನೀವು ಕುಂದರವಲ್ರಿ ಯಾಕ?

ನಾನು: ಕೊನೆಯ ಪ್ರಶ್ನೆ ಸರ್. ಅದೇ ಕಾಯ್ದೆಯಲ್ಲಿ, ಅದೇ ಫೆಬ್ರವರಿ 1ರಂದು ತಳವಾರರ, ವಾಲೀಕಾರರ ವತನವೂ ಹೋಯಿತು. ಅವೂ ಇವತ್ತು ಅಡ್ಡಹೆಸರುಗಳೇ. ನಿಮ್ಮ ಎಂಟು ಕ್ಷೇತ್ರಗಳ ಪಟ್ಟಿಯಲ್ಲಿ ಒಬ್ಬ ತಳವಾರರೂ ಇಲ್ಲವಲ್ಲ?

*(ಅಡಕೊತ್ತಿನ ಸದ್ದು ನಿಂತಿತು. ಮೂರು ಮೊಬೈಲುಗಳಲ್ಲಿ ಒಂದು ಎರಡು ಸಲ ಗುಂಯ್‌ಗುಟ್ಟಿ ಸುಮ್ಮನಾಯಿತು.)*

ಪಾಟೀಲ: ಓಣಿಯಾಗ ತಳವಾರ ಮುಂದ ಮುಂದ ಕೂಗ್ತಾ ಹೋಗ್ತಿದ್ದಾ, ‘ಪಾಟೀಲ್ರು ಬರಾಕತ್ಯಾರ’ ಅಂತ. ನಾ ಹಿಂದಿಂದ ಬರ್ತಿದ್ದೆ. ಕೂಗಿದಾಂವನೂ ಅವನ ಬಾಯಿಲೆ ನನ್ನ ಹೆಸರೇ ಕೂಗಿದಾ, ಅವನ ಹೆಸರು ಕೂಗಾಕ ಮುಂದ ಯಾರೂ ಇರಲಿಲ್ಲ. ನಾ ಬಂದ ಕೂಡಲೇ ಕಟ್ಟಿ ಮ್ಯಾಲ ಕುಂತವರೆಲ್ಲ ಎದ್ದು ನಿಲ್ತಿದ್ರು. ಸರ್ಕಾರ ನನ್ನ ಹುದ್ದಿ ತಗೀತು ಖರೆ. ಆ ಎದ್ದು ನಿಲ್ಲೋದನ್ನ ಯಾವ ಕಲಮಿನಾಗ ತಗದಾರ, ಕಾಯ್ದೆ ಪುಸ್ತಕ ತಂದು ನೀವೇ ತೋರಸ್ರಿ. ಇರ್ಲಿ, ಈಗರೆ ಕುಂದರ್ರಿ. ಬಂದಾಗಿಂದ ನಿಂತ ಇದ್ದೀರಿ.

ತಿರುಗಿ ನೋಡಿದೆ. ಖುರ್ಚಿ ಖಾಲಿಯಾಗಿಯೇ ಇತ್ತು. ನೋಟುಬುಕ್ಕು ಕಂಕುಳಲ್ಲಿ ಸಿಕ್ಕಿಕೊಂಡಿತ್ತು, ಕೈಗಳೆರಡೂ ಎದೆಯ ಹತ್ತಿರ ಜೋಡಿಕೊಂಡಿದ್ದವು.