ಮ್ಯಾಚಿಂಗ್ ಅಕ್ಕ

ಮ್ಯಾಚಿಂಗ್ ಅಕ್ಕ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಪೇಟೆಗಳಲ್ಲಿ ವರ್ಷವಿಡೀ ಕಾಣಸಿಗುತ್ತಾಳೆ. ಲಗ್ನದ ದಿನಗಳಲ್ಲಿ ಸಂಖ್ಯೆ ಹೆಚ್ಚು. ಗುರುತು ಹಿಡಿಯುವುದು ಸುಲಭ: ಕಂಕುಳಲ್ಲಿ ಕ್ಯಾರಿಬ್ಯಾಗು, ಅದರಲ್ಲಿ ಇನ್ನೂ ಫಾಲ್ ಹಚ್ಚದ ಸೀರೆ, ಹಿಂದೆ ಆ ಸೀರೆಯ ಇನ್ನೊಂದು ತುದಿ ಹಿಡಿಯಲು ಒಬ್ಬ ತಮ್ಮ.

ಇವಳ ಲೆಕ್ಕದಲ್ಲಿ ಹಸಿರು ಎಂಬುದು ಬಣ್ಣವಲ್ಲ, ಮನೆತನದ ಅಡ್ಡಹೆಸರು. ಗಿಳಿಹಸಿರು, ರಾಮಾ ಹಸಿರು, ಮೆಹೆಂದಿ ಹಸಿರು, ಪಿಸ್ತಾ ಎಲ್ಲ ಅಣ್ಣತಮ್ಮಂದಿರು. ಒಬ್ಬರಿಗೊಬ್ಬರು ಮಾತು ಬಿಟ್ಟವರು. ಟೇಲರ್‌ನ ಜೊತೆಗಿನ ಜಗಳ, ಬಳೆ ಅಂಗಡಿಯ ಚೌಕಾಸಿ ಇವಳ ಸಣ್ಣಪುಟ್ಟ ಲಕ್ಷಣಗಳು.

ಫ್ಯಾಷನ್ ಕಲಿಸುವವರು ಬಣ್ಣದ ಸಮತೋಲಕ್ಕೆ 60, 30, 10 ಎಂಬ ಅಂದಾಜು ಹೇಳುತ್ತಾರೆ: ಮುಖ್ಯ ಬಣ್ಣ ನೂರರಲ್ಲಿ 60 ಪಾಲು, ಜೊತೆಗಾರ 30, ಕಣ್ಣು ಹಿಡಿಯುವುದು 10. ಕುಷ್ಟಗಿಯ ನೆರೆಯ ಇಳಕಲ್ಲಿನ ಸೀರೆಯಲ್ಲಿ ಇಂಥದೊಂದು ಹಂಚಿಕೆ ಮಗ್ಗದ ಮೇಲೆಯೇ ಆಗಿರುತ್ತದೆ. ದಾಳಿಂಬೆ ಕೆಂಪಿನದೋ ನವಿಲು ಬಣ್ಣದ್ದೋ ಹತ್ತಿಯ ಒಡಲು, ಎರಡು ಕಡೆ ದಡಿ, ಕೊಂಡಿ ಹಾಕಿ ಜೋಡಿಸಿದ ರೇಷ್ಮೆಯ ಕೆಂಪು ಬಿಳಿ ಸೆರಗು. ನೇಕಾರ ಎಲ್ಲ ಮುಗಿಸಿಯೇ ಕೊಟ್ಟಿದ್ದಾನೆ. ಉಳಿದದ್ದು ಕುಬಸದ ಒಂದು ತುಂಡು. ಅಕ್ಕನ ಆಯುಷ್ಯ ಸವೆಯುವುದು ಆ ತುಂಡಿನಲ್ಲಿ.

ಅಂಗಡಿಯೊಳಗಿನ ಟ್ಯೂಬ್‌ಲೈಟನ್ನು ಅವಳು ನಂಬುವುದಿಲ್ಲ. ಬೇರೆ ಬೇರೆ ಬಣ್ಣದ್ರವ್ಯದಲ್ಲಿ ಅದ್ದಿದ ಎರಡು ಬಟ್ಟೆಗಳು ಒಂದು ಬೆಳಕಿನಲ್ಲಿ ಒಂದೇ ತರ ಕಂಡು, ಇನ್ನೊಂದರಲ್ಲಿ ಬೇರೆಯಾಗುವುದುಂಟು. ಶಾಸ್ತ್ರದಲ್ಲಿ ಇದಕ್ಕೆ ಮೆಟಾಮೆರಿಸಂ ಎಂದು ಹೆಸರು. ವಿಜ್ಞಾನ ಅಕ್ಕನ ಪಕ್ಷದಲ್ಲಿದೆ ಎಂಬುದೇ ತಮ್ಮನ ದೌರ್ಭಾಗ್ಯ. ಮೇ ತಿಂಗಳ ಮಟಮಟ ಮಧ್ಯಾಹ್ನ ಗಂಗಾವತಿಯ ರಸ್ತೆಯಲ್ಲಿ ಅಂಥ ಒಬ್ಬ ತಮ್ಮ ಧೂಪ್‌ಛಾವ್ ಸೀರೆಯ ತುದಿ ಹಿಡಿದು ನಿಂತದ್ದುಂಟು. ಹಾಸು ಹಸಿರು, ಹೊಕ್ಕು ಕೆಂಪು. ಮಡಿಕೆ ತಿರುಗಿದಂತೆ ಬಣ್ಣವೂ ತಿರುಗುತ್ತದೆ. ಎತ್ತ ಹಿಡಿದಾಗಿನ ಬಣ್ಣಕ್ಕೆ ಕುಬಸ ಹೊಂದಬೇಕೆಂಬುದು ತೀರ್ಮಾನವಾಗಲು ಹನ್ನೊಂದು ತುಂಡು ಹೊರಗೆ ಬಂದವು, ಹನ್ನೊಂದೂ ಒಳಗೆ ಹೋದವು. ತರಕಾರಿ ಗಾಡಿಯವನೂ ನಿಂತು ತನ್ನ ಅಭಿಪ್ರಾಯ ಹೇಳಿದ. ಎಲ್ಲ ಒಂದೇ ಕಾಣುತ್ತವೆ ಎಂದ ತಮ್ಮನಿಗೆ ಸಿಕ್ಕ ಉತ್ತರ: “ನಿನ್ನ ಕಣ್ಣಿಗೆ ಜ್ವಾಳಾನೂ ಒಂದ, ಸಜ್ಜಿನೂ ಒಂದ.” ಈ ತಮ್ಮ ಮುಂದೆ ಲೇಖನ ಬರೆಯುವ ಕಸುಬು ಹಿಡಿದನೆಂದು ತಿಳಿದುಬರುತ್ತದೆ.

ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆಶಾಲೆಯಲ್ಲಿ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಾಗ, ಅಲ್ಲಿನ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞ ತಪ್ಪು ನೂಲಿನದಲ್ಲ, ಪಕ್ಕದ ಬಣ್ಣಗಳದು ಎಂದು ಕಂಡುಕೊಂಡು 1839ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದ. “ಮಗ್ಗಲದ ಬಣ್ಣ ತೆಗಿ ತಮ್ಮಾ, ಅದು ಇದನ್ನ ಕೆಡಸಾಕತ್ತೈತಿ” ಎಂದು ಅಕ್ಕ ಗಲ್ಲೆಯ ಹುಡುಗನಿಗೆ ಹೇಳುವುದೂ ಅದನ್ನೇ.

ಅಕ್ಕನ ಅವ್ವನಿಗೆ ಮ್ಯಾಚಿಂಗ್ ಎಂಬ ಮಾತೇ ಗೊತ್ತಿರಲಿಲ್ಲ. ಹಸಿರು ಇಳಕಲ್ ಸೀರೆ, ಕೆಂಪು ಗುಳೇದಗುಡ್ಡ ಖಣ. ಹಾಗೆಯೇ ಕೊಪ್ಪಳದ ಗವಿಮಠದ ಜಾತ್ರೆಗೆ ಹೊರಡುವಳು. ಕಾಲೇಜಿಗೆ ಹೋಗುತ್ತಿದ್ದ ಮಗಳು ನಾಚಿಕೊಂಡು ಹತ್ತು ಹೆಜ್ಜೆ ಹಿಂದೆ. ವರ್ಣಚಕ್ರದಲ್ಲಿ ಕೆಂಪು ಹಸಿರು ಎದುರುಬದುರು. ಒಂದು ಇನ್ನೊಂದನ್ನು ಬೆಳಗಿಸುತ್ತದೆ. ಈಗ ಅದಕ್ಕೆ ಕಾಂಟ್ರಾಸ್ಟ್ ಎಂಬ ಹೆಸರು ಬಂದಿದೆ, ಬೆಲೆಯೂ ಬಂದಿದೆ. ಅವ್ವ ಹೋದ ಮೇಲೆ ಅಕ್ಕ ಟ್ರಂಕಿನಿಂದ ಆ ಹಸಿರು ಸೀರೆ ತೆಗೆದು, ಹೊಂದದ ಕುಬಸ ಹುಡುಕುತ್ತ ಅದೇ ಅಂಗಡಿಗಳನ್ನು ಮತ್ತೆ ಹತ್ತಿದಳು. ತುದಿ ಹಿಡಿದವನು ಅದೇ ತಮ್ಮ.

ಗಲ್ಲೆಯ ಹುಡುಗ ಕೈಗೆ ಸಿಕ್ಕ ಕೆಂಪು ತುಂಡು ಚೆಲ್ಲಿ, “ಇದಂತೂ ಹೊಂದಂಗಿಲ್ಲ ನೋಡ್ರಿ ಅಕ್ಕಾರ” ಎಂದ.

ಅಕ್ಕ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. “ಹೊಂದಂಗಿಲ್ಲ ಖರೆ. ಆದ್ರ ಅವ್ವಂದು ಹೊಂದತಿದ್ದಿಲ್ಲಲ್ಲ, ಹಂಗ ಹೊಂದವಲ್ದು. ಬ್ಯಾರೆ ತೋರಸು.”