ಗ್ಯಾರೇಜಿನಲ್ಲೊಂದು ಗಲ್ಲಾಪೆಟ್ಟಿಗೆ

ಅಮೆರಿಕದ ಉಪನಗರಗಳಲ್ಲಿ, ಎರಡು ಕಾರು ಹಿಡಿಸುವ ಗ್ಯಾರೇಜಿನಲ್ಲಿ ಒಂದೇ ಕಾರು ನಿಂತು, ಉಳಿದ ಜಾಗವನ್ನು ಪ್ಲೈವುಡ್ ಹಲಗೆಗಳೂ ಬಿಚ್ಚಿಟ್ಟ ಮಾನಿಟರೂ ಆಕ್ರಮಿಸಿದ್ದರೆ, ಆ ಮನೆಯ ಯಜಮಾನನು ಆರ್ಕೇಡ್ ಪೆಟ್ಟಿಗೆಯನ್ನು ಸ್ವಂತ ಕೈಯಿಂದ ಕಟ್ಟುತ್ತಿರುವ ವರ್ಗಕ್ಕೆ ಸೇರಿದವನೆಂದು ಊಹಿಸಬಹುದು. ಆರ್ಕೇಡ್ ಪೆಟ್ಟಿಗೆಯೆಂದರೆ 1970 ಮತ್ತು 80ರ ದಶಕಗಳಲ್ಲಿ ಬಾರು, ಪಿಜ್ಜಾ ಅಂಗಡಿ, ಮಾಲುಗಳಲ್ಲಿ ಆಳೆತ್ತರಕ್ಕೆ ನಿಂತು, ನಾಣ್ಯ ಹಾಕಿದವರಿಗೆ ವಿಡಿಯೋ ಗೇಮ್ ಆಡಿಸುತ್ತಿದ್ದ ಯಂತ್ರ. ಈ ವರ್ಗದ ಗೃಹಸ್ಥನು ಬಾಲ್ಯದಲ್ಲಿ ಪ್ಯಾಕ್-ಮ್ಯಾನ್ (1980), ಡಾಂಕಿ ಕಾಂಗ್ (1981) ಮುಂತಾದವುಗಳ ಎದುರು ಬರಿಗೈಯಲ್ಲಿ ನಿಂತು ದೊಡ್ಡ ಹುಡುಗರ ಆಟವನ್ನು ನೋಡಿ ತೃಪ್ತಿಪಟ್ಟವನು. ಈಗ ಅವನಲ್ಲಿ ಕಾಸಿದೆ, ಜೊತೆಗೆ ಸೊಂಟನೋವೂ ಇದೆ.

ಹಳೆಯ ಆಟಗಳನ್ನು ಸಾಧಾರಣ ಕಂಪ್ಯೂಟರಿನಲ್ಲಿ ನಡೆಸಿಕೊಡುವ ಮೇಮ್ ಎಂಬ ತಂತ್ರಾಂಶವು 1997ರಲ್ಲಿ ಬಂದಮೇಲೆ ಇಂಥ ಪೆಟ್ಟಿಗೆ ಕಟ್ಟುವುದು ಕಷ್ಟದ ಕೆಲಸವಾಗಿ ಉಳಿದಿಲ್ಲ. ಹಲಗೆ ಕೊಯ್ಯುವುದು, ಬಣ್ಣ ಹೊಡೆಯುವುದು, ಜಾಯ್‌ಸ್ಟಿಕ್ ಕೂರಿಸುವುದು ಇವೆಲ್ಲ ಕೆಲವು ವಾರಾಂತ್ಯಗಳಲ್ಲಿ ಮುಗಿಯುತ್ತವೆ. ಕೆಲಸ ನಿಲ್ಲುವುದು ನಾಣ್ಯದ ಕಿಂಡಿಯ ಹತ್ತಿರ. ಮೇಮ್‌ನಲ್ಲಿ ಕೀಬೋರ್ಡಿನ 5ನೆಯ ಅಂಕಿಯನ್ನು ಒತ್ತಿದರೆ ನಾಣ್ಯ ಬಿದ್ದಂತೆಯೇ ಲೆಕ್ಕವಾಗುವುದರಿಂದ ಕಿಂಡಿಯ ಅಗತ್ಯವೇ ಇಲ್ಲವೆಂಬುದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೂ ಕಾಯಿನ್ ಮೆಕ್ ಎಂದು ಕರೆಯಲಾಗುವ, ಅಸಲಿ ನಾಣ್ಯವನ್ನು ಗುರುತಿಸಿ ಒಳಬಿಟ್ಟು ನಕಲಿಯನ್ನು ಹೊರದೂಡುವ ಆ ಸಣ್ಣ ಸಲಕರಣೆಯ ಆಯ್ಕೆಗೆ ಅವನು ವ್ಯಯಿಸುವ ಕಾಲದಲ್ಲಿ ಇನ್ನೊಂದು ಪೆಟ್ಟಿಗೆಯನ್ನೇ ಕಟ್ಟಬಹುದಿತ್ತು.

ಪ್ರಶ್ನೆ ಮೊದಲು ಏಳುವುದು ಅಡುಗೆಮನೆಯ ಕಡೆಯಿಂದ. ಈ ಹವ್ಯಾಸವು ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳನ್ನು ಹೊಕ್ಕಾಗ ಆ ಪ್ರಶ್ನೆ, "ರೀ, ನಮ್ಮನೆ ಮಿಷನ್ನಿಗೆ ನಾವೇ ದುಡ್ಡು ಹಾಕ್ಬೇಕೇನ್ರೀ?" ಎಂಬ ರೂಪವನ್ನು ತಾಳುತ್ತದೆ. ಉತ್ತರವಾಗಿ ಗೃಹಸ್ಥನು ಇತಿಹಾಸವನ್ನು ಹೇಳತೊಡಗುತ್ತಾನೆ. 1972ರಲ್ಲಿ ಅಟಾರಿ ಕಂಪನಿಯ ಪಾಂಗ್ ಎಂಬ ಆಟದ ಮೊದಲ ಯಂತ್ರವನ್ನು ಸನ್ನಿವೇಲ್ ಊರಿನ ಆ್ಯಂಡಿ ಕ್ಯಾಪ್ಸ್ ಎಂಬ ಬಾರಿನಲ್ಲಿ ಇಟ್ಟಿದ್ದರು; ಕೆಲವೇ ದಿನಗಳಲ್ಲಿ ಅದು ಕೆಟ್ಟಿತೆಂದು ದೂರು ಬಂದು, ತಯಾರಿಸಿದ ಇಂಜಿನಿಯರ್ ಅಲ್ ಆಲ್ಕಾರ್ನ್ ಹೋಗಿ ಬಾಗಿಲು ತೆರೆದರೆ, ಕೆಟ್ಟಿದ್ದೇನೂ ಇರದೆ, ನಾಣ್ಯಗಳು ತುಂಬಿ ತುಳುಕಿ ಯಂತ್ರವನ್ನೇ ಕಟ್ಟಿಹಾಕಿದ್ದವು. ಈ ಕಥೆಯನ್ನು ಹೇಳುವಾಗ ಅವನ ಕಣ್ಣು ತೇವವಾಗುತ್ತದೆ; ಕೇಳುವವರ ಕೈಯಲ್ಲಿನ ಸೌಟು ಮಾತ್ರ ನಿಲ್ಲುವುದಿಲ್ಲ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ದೊರೆಯುವ ಮೂರು ಬಗೆಯ ಕಾಯಿನ್ ಮೆಕ್‌ಗಳಲ್ಲಿ ಅವನ ಮನಸ್ಸು ಮೊದಲು ವಾಲುವುದು ಪೂರ್ತಿ ಯಾಂತ್ರಿಕವಾದ ಹಳೆಯ ಮಾದರಿಯ ಕಡೆಗೆ, ಮತ್ತು ಆ ವಾಲುವಿಕೆಯಲ್ಲಿ ತಪ್ಪಿಲ್ಲ, ಏಕೆಂದರೆ ಅದು ನಿಜಕ್ಕೂ ಸೊಗಸಾದ ವಸ್ತು. ಅಮೆರಿಕದ ಇಪ್ಪತ್ತೈದು ಸೆಂಟಿನ ನಾಣ್ಯವಾದ ಕ್ವಾರ್ಟರಿನ ಅಗಲ 24.26 ಮಿ.ಮೀ., ತೂಕ 5.67 ಗ್ರಾಂ. ಕಿಂಡಿಯಿಂದ ಇಳಿದ ನಾಣ್ಯವು ಮೊದಲು ತೊಟ್ಟಿಲಿನಂಥ ಒಂದು ಪುಟ್ಟ ಸನ್ನೆಯ ಮೇಲೆ ಕೂರುತ್ತದೆ. ಅಗಲ ಕಡಿಮೆಯಾದರೆ ಸಂದಿಯಲ್ಲಿ ಜಾರಿ ಹೊರಬೀಳುತ್ತದೆ, ತೂಕ ಸಾಲದಿದ್ದರೆ ಸನ್ನೆ ಅಲುಗುವುದಿಲ್ಲ. ಅಲ್ಲಿ ಗೆದ್ದ ನಾಣ್ಯವು ಅಯಸ್ಕಾಂತದ ಮುಂದೆ ಹಾಯುವಾಗ, ಒಳಗಿನ ತಾಮ್ರದಲ್ಲಿ ಸುಳಿವಿದ್ಯುತ್ತು, ಎಂದರೆ ಚಲಿಸುವ ಲೋಹದಲ್ಲಿ ಅಯಸ್ಕಾಂತದ ಪ್ರಭಾವದಿಂದ ಹುಟ್ಟಿ ಆ ಚಲನೆಯನ್ನೇ ತಡೆಯುವ ವಿದ್ಯುತ್ತು, ಉಂಟಾಗಿ ವೇಗ ತಕ್ಕಷ್ಟು ತಗ್ಗುತ್ತದೆ. ಬೇರೆ ಲೋಹದ ಬಿಲ್ಲೆಯ ವೇಗ ಬೇರೆಯಾದ್ದರಿಂದ ಅದು ದಾರಿ ತಪ್ಪಿ ವಾಪಸಾಗುತ್ತದೆ, ಕಬ್ಬಿಣದ್ದಾದರೆ ಅಲ್ಲೇ ಅಂಟಿಕೊಳ್ಳುತ್ತದೆ. ಕೊನೆಯಲ್ಲಿ ಒಂದು ತಂತಿ ಬಾಗಿ, ಮೈಕ್ರೋಸ್ವಿಚ್ ಟಿಕ್ಕೆನ್ನುತ್ತದೆ. ಇಷ್ಟಕ್ಕೂ ವಿದ್ಯುತ್ ಬೇಕಿಲ್ಲ. ಸ್ವಿಚ್ಚಿನಿಂದ ಎರಡು ವೈರು ಎಳೆದರೆ ಸಾಕು.

ಊರಿನಿಂದ ಬಂದ ಮಾವನವರು ಜೇಬಿನಲ್ಲಿ ಉಳಿದಿದ್ದ ಒಂದು ರೂಪಾಯಿಯನ್ನು ಪರೀಕ್ಷೆಗೆಂದು ಹಾಕುವ ದಿನ ಈ ಸಲಕರಣೆಯ ಗುಣ ಪೂರ್ತಿ ಬೆಳಕಿಗೆ ಬರುತ್ತದೆ. 1992ರಿಂದ ಚಲಾವಣೆಗೆ ಬಂದ ಉಕ್ಕಿನ ರೂಪಾಯಿ 25 ಮಿ.ಮೀ. ಅಗಲವಿದ್ದು ದಾರಿಯಲ್ಲೇ ಕಚ್ಚಿಕೊಳ್ಳುವ ಸಂಭವವಿದೆ. 2011ರ ಮಾದರಿಯದು ಸುಮಾರು 22 ಮಿ.ಮೀ. ಮಾತ್ರವಾದ್ದರಿಂದ ಜಾರಿ ಕೆಳಗಿನ ಬಟ್ಟಲಿಗೆ ಬೀಳುತ್ತದೆ. ರೈಲ್ವೆ ನಿಲ್ದಾಣದ ತೂಕದ ಯಂತ್ರವಾದರೆ ತೂಕದ ಜೊತೆಗೆ ಭವಿಷ್ಯವನ್ನೂ ಅಚ್ಚುಹಾಕಿ ಕೊಡುತ್ತಿತ್ತೆಂದು ನೆನೆದು ಮಾವನವರು ನಿರಾಶರಾಗುತ್ತಾರೆ. ಅಳಿಯನು ಮಾತ್ರ ತನ್ನ ಯಂತ್ರ ಮೋಸಹೋಗಲಿಲ್ಲವೆಂದು ಬೀಗುತ್ತಾನೆ.

ಎರಡನೆಯದು ಹೋಲಿಕೆಯ ಮಾದರಿ: ಒಂದು ನಾಣ್ಯವನ್ನು ಅದರಲ್ಲಿ ಕಾಯಂ ಸಿಕ್ಕಿಸಿಟ್ಟರೆ, ಬಂದ ಪ್ರತಿಯೊಂದನ್ನೂ ಅದರೊಡನೆ ವಿದ್ಯುತ್ ಸುರುಳಿಗಳ ಮೂಲಕ ಹೋಲಿಸಿ ನೋಡುತ್ತದೆ. ಅಗ್ಗ, 12 ವೋಲ್ಟ್ ಬೇಕು, ಹೆಚ್ಚು ಹೇಳುವಂಥದ್ದೇನಿಲ್ಲ. ಮೂರನೆಯದು ಕಲಿಯುವ ಮಾದರಿ. ಇದಕ್ಕೆ ಹಲವು ಬಗೆಯ ನಾಣ್ಯಗಳನ್ನು, ಪ್ರತಿ ಬಗೆಯಲ್ಲೂ ಸವೆದದ್ದು ಹೊಸದು ಬೆರೆಸಿ, ಮತ್ತೆ ಮತ್ತೆ ಹಾಕಿ ಪಾಠ ಹೇಳಬೇಕು. ಮಕ್ಕಳ ಮಗ್ಗಿ ಕೇಳಲು ಪುರುಸೊತ್ತಿಲ್ಲದ ಗೃಹಸ್ಥನು ನಡುರಾತ್ರಿಯವರೆಗೆ ಒಂದು ಲೋಹದ ಡಬ್ಬಿಗೆ ಕೆನಡಾದ ನಾಣ್ಯವನ್ನು ಪರಿಚಯಿಸುತ್ತ ಕೂರುವುದು ಈ ಹಂತದಲ್ಲಿಯೇ. ಕೆನಡಾದಿಂದ ಯಾರೂ ಬರುವ ಸುದ್ದಿ ಇರುವುದಿಲ್ಲ.

ಭದ್ರತೆಯ ವಿಷಯದಲ್ಲಿ ಅವನದು ವಿಶೇಷವಾದ ಜಾಗ್ರತೆ. ನಾಣ್ಯಕ್ಕೆ ದಾರ ಕಟ್ಟಿ ಇಳಿಸಿ, ಆಟ ದೊರೆತೊಡನೆ ಮೇಲಕ್ಕೆಳೆದುಕೊಳ್ಳುವ ಹಳೆಯ ಕಳ್ಳವಿದ್ಯೆಯನ್ನು ತಡೆಯುವ ಏರ್ಪಾಡು ಇದೆಯೇ ಎಂದು ವಿಚಾರಿಸಿಯೇ ಅವನು ಕೊಳ್ಳುವುದು. ಸಂಶಯಕ್ಕೆ ಗುರಿಯಾಗಬಹುದಾದವನು ಎಂಟು ವರ್ಷದ ಮಗ. ನಾಣ್ಯ ಕೊಡುವವನು ಅಪ್ಪ. ಬೀಗ ತೆಗೆದು ನಾಣ್ಯಗಳನ್ನು ಮತ್ತೆ ಪೆಟ್ಟಿಗೆಯ ಮೇಲಿನ ಬಟ್ಟಲಿಗೆ ಸುರಿಯುವವನೂ ಅಪ್ಪನೇ. ಈ ಅರ್ಥವ್ಯವಸ್ಥೆಯಲ್ಲಿ ಸೋರಿಕೆ ಆಗುವುದು ಒಂದೇ ಕಡೆ: ಹಾಸ್ಟೆಲಿನ ವಾಷಿಂಗ್ ಮಷಿನ್ನಿಗೂ ಕ್ವಾರ್ಟರೇ ಬೇಕಾದ್ದರಿಂದ, ರಜೆಗೆ ಬಂದ ಮಗಳು ಹಿಂದಿರುಗುವಾಗ ಬಟ್ಟಲನ್ನು ಬರಿದು ಮಾಡಿ ಹೋಗುತ್ತಾಳೆ.

ಇಷ್ಟೆಲ್ಲ ನಗೆಗೀಡಾದರೂ ಮುಖ್ಯ ವಿಷಯದಲ್ಲಿ ಆತ ಸರಿ. ನಾಣ್ಯವಿಲ್ಲದೆ ಆಡಿಸುವ ಏರ್ಪಾಡಿಗೆ ಫ್ರೀ ಪ್ಲೇ ಎನ್ನುತ್ತಾರೆ. ಅದರಲ್ಲಿ ಮಗು ಮೊದಲ ಸೋಲಿಗೇ ಆಟ ಬಿಟ್ಟು ಹೊಸದಾಗಿ ಗುಂಡಿ ಒತ್ತುತ್ತದೆ, ಒಂದು ಆಟದಿಂದ ಇನ್ನೊಂದಕ್ಕೆ ಹಾರುತ್ತದೆ, ಅರ್ಧ ಗಂಟೆಯಲ್ಲಿ ಬೇಸತ್ತು ಹೊರಡುತ್ತದೆ. ಕೈಯಲ್ಲಿ ಮೂರೇ ನಾಣ್ಯವಿದ್ದ ಮಗು ಕೊನೆಯ ಪ್ರಾಣದವರೆಗೂ ಹಲ್ಲುಕಚ್ಚಿ ಆಡುತ್ತದೆ. ಆ ಆಟಗಳನ್ನು ರಚಿಸಿದ್ದೇ ನಾಣ್ಯದ ಲೆಕ್ಕದಲ್ಲಿ. ಅವುಗಳ ಕಠಿಣತೆಗೆ ಬೆಲೆಯಿದ್ದಾಗ ಮಾತ್ರ ಅರ್ಥ.

ಆದ್ದರಿಂದ ಆಯ್ಕೆಯಲ್ಲಿ ತೊಳಲುತ್ತಿರುವವರು ಯಾಂತ್ರಿಕ ಮಾದರಿಯನ್ನೇ ಕೊಳ್ಳುವುದು ಲೇಸು. ನಾಣ್ಯ ವಾಪಸು ಕೇಳುವ ಕೆಂಪು ಗುಂಡಿಯ ಹಿಂದೆ ಇನ್ನೊಂದು ಮೈಕ್ರೋಸ್ವಿಚ್ ಕೂರಿಸಿ, ನಾಣ್ಯವಿಲ್ಲದೆಯೂ ಆಟ ದೊರೆಯುವಂತೆ ಮಾಡಿಕೊಳ್ಳುವ ಉಪಾಯ ಈ ವರ್ಗದಲ್ಲಿ ಬಹಳ ಪ್ರಚಲಿತವಾಗಿದೆ. ಅದನ್ನು ಮಾಡಿಕೊಳ್ಳಲಿ, ಆದರೆ ಮಕ್ಕಳಿಗೆ ಹೇಳದಿರಲಿ.