ಒಂದೇ ಮೋಟಾರು, ಒಂದೇ ಟೈರು

ರೇಡಿಯೊ ನಿಯಂತ್ರಿತ ಟೂರಿಂಗ್ ಕಾರು ಅಸಲಿ ಕಾರಿನ ಹತ್ತನೇ ಒಂದು ಅಳತೆಯದು. ಹೊಸಬರಿಗೆಂದು ಮಾರುವ ಅಗ್ಗದ ಮಾದರಿ ಗಂಟೆಗೆ ಸುಮಾರು 25ರಿಂದ 30 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಕಾರು ಹತ್ತು ಪಟ್ಟು ಚಿಕ್ಕದು, ಹಾಗಾಗಿ ವೇಗವನ್ನು ಹತ್ತರಿಂದ ಗುಣಿಸಬೇಕು, ಗುಣಿಸಿದರೆ 300 ಆಯಿತು ಎಂಬುದು ಈ ಹವ್ಯಾಸದವರ ಲೆಕ್ಕ. ನ್ಯೂಟನ್ ಒಪ್ಪಲಾರ. ಆದರೆ ಅವನನ್ನು ಕೇಳಿದವರು ಯಾರು? ಪಕ್ಕದಲ್ಲಿ ಟೀ ಆರುತ್ತಿದ್ದರೂ ಲಕ್ಷ್ಯವಿಲ್ಲದೆ, ಸೊಂಟ ಬಗ್ಗಿಸಿಕೊಂಡು, ಒಂದೂವರೆ ಕೆ.ಜಿ. ತೂಕದ ವಸ್ತುವಿನ ಮೂತಿಯನ್ನು ಅರ್ಧ ಮಿಲಿಮೀಟರ್ ತಗ್ಗಿಸುತ್ತಿರುವ ಐವತ್ತು ದಾಟಿದ ಗಂಡಸಿಗೆ ಈ 300 ಬೇಕೇ ಬೇಕು. ಬರೀ 30 ಕಿಲೋಮೀಟರಿಗಾಗಿ ಯಾರೂ ಅಷ್ಟು ಬಗ್ಗುವುದಿಲ್ಲ.

ನಾನಿರುವ ಇಂಗ್ಲೆಂಡಿನಲ್ಲಿ ಇಂಥ ಗಂಡಸರು (ಹೆಂಗಸರೂ ಇದ್ದಾರೆ, ಕಡಿಮೆ) ಚಳಿಗಾಲದಲ್ಲಿ ಶಾಲೆಗಳ ಹಾಲ್‌ಗಳಲ್ಲಿ ಸಿಗುತ್ತಾರೆ. ನವೆಂಬರ್ ಬಂತೆಂದರೆ ಇಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಹೊರಗೆ ಜಿಟಿಜಿಟಿ ಮಳೆ. ವಾರಕ್ಕೊಂದು ಸಂಜೆ ಹಾಲನ್ನು ಬಾಡಿಗೆಗೆ ಹಿಡಿದು, ಉದ್ದುದ್ದ ಕಾರ್ಪೆಟ್ ಸುರುಳಿಗಳನ್ನು ಬಿಚ್ಚಿ ಹಾಸಿ, ಅಂಚಿಗೆ ಟೇಪು ಒತ್ತಿ, ಹಲಗೆ ಜೋಡಿಸಿ ತಿರುವುಗಳನ್ನು ಮಾಡಿದರೆ ರೇಸಿನ ಹಾದಿ ಸಿದ್ಧ. ರಾತ್ರಿ ಅದನ್ನೆಲ್ಲ ಮತ್ತೆ ಸುತ್ತಿಡಬೇಕು. ಸರಿಯಾಗಿ ಸುತ್ತುವ ಹೊತ್ತಿಗೆ ಮನೆಯಿಂದ ಫೋನು ಬಂದು ಹೊರಗೆ ಹೋಗುವವರು ಯಾರೆಂದು ಎಲ್ಲರಿಗೂ ಗೊತ್ತು. ದೇಶದ ಇಂಥ ಕ್ಲಬ್ಬುಗಳಿಗೆಲ್ಲ ಬ್ರಿಟಿಷ್ ರೇಡಿಯೊ ಕಾರ್ ಅಸೋಸಿಯೇಷನ್ ಎಂಬ ಹಿರಿಯ ಸಂಸ್ಥೆ ಇದೆ. ಸದಸ್ಯರಾದರೆ ವಿಮೆಯೂ ಸಿಗುತ್ತದೆ. ನಗಬೇಡಿ. ಕಾರು ಹತ್ತನೇ ಒಂದು ಅಳತೆಯದಾದರೂ ಕಾಲಿನ ಗಿಣ್ಣಿಗೆ ಬಡಿದರೆ ನೋವು ಪೂರ್ಣ ಅಳತೆಯದು.

ಸ್ಪರ್ಧೆಯಲ್ಲಿ ದರ್ಜೆಗಳಿವೆ. ಮೇಲಿನ ದರ್ಜೆಯ ಕಾರುಗಳಿಗೆ ಕಾರ್ಬನ್ ಫೈಬರ್ ತಳ, ಬ್ರಷ್‌ಲೆಸ್ ಮೋಟಾರು, ಮತ್ತು ಹೆಂಡತಿಗೆ ಹೇಳಲಾಗದ ಬೆಲೆ. ಅಷ್ಟು ಶಕ್ತಿ ಇಲ್ಲದವರಿಗೆ, ಮಕ್ಕಳಿಗೆ, ಹೊಸಬರಿಗೆ ಇರುವುದು ಜಪಾನಿನ ತಮಿಯಾ ಕಂಪನಿಯ ಟಿಟಿ-02. 2013ರಲ್ಲಿ ಬಂದ ಕಾರು. ತೊಟ್ಟಿಯಾಕಾರದ ಪ್ಲಾಸ್ಟಿಕ್ ತಳ, ನಡುವೆ ಉದ್ದಕ್ಕೂ ಒಂದು ಷಾಫ್ಟ್, ಅದರಿಂದ ನಾಲ್ಕೂ ಚಕ್ರಗಳಿಗೆ ಶಕ್ತಿ. ಮೋಟಾರು ಎಂದರೆ 540 ಎಂಬ ಬೆಳ್ಳಿ ಬಣ್ಣದ ಡಬ್ಬಿ. ಬಿಚ್ಚಿ ರಿಪೇರಿ ಮಾಡಲಾಗದಂತೆ ಅದರ ಬಾಯಿ ಮುಚ್ಚಿರುತ್ತದೆ. ನಮ್ಮ ಕ್ಲಬ್ಬಿನ ನಿಯಮ ಸರಳ: ಎಲ್ಲರಿಗೂ ಒಂದೇ ಷಾಸಿ, ಒಂದೇ ಮೋಟಾರು, ಒಂದೇ ಟೈರು, ಮೋಟಾರಿನ ತುದಿಯ ಪಿನಿಯನ್ ಎಂಬ ಹಲ್ಲುಚಕ್ರಕ್ಕೂ ಎಲ್ಲರದರಲ್ಲೂ ಅಷ್ಟೇ ಹಲ್ಲು. ದುಡ್ಡಿದ್ದವನೂ ಇಲ್ಲದವನೂ ಇಲ್ಲಿ ಒಂದೇ.

ಎಲ್ಲರೂ ಸಮ ಎಂದು ಸಾರಿದ ಮರುಕ್ಷಣವೇ, ಆ ಸಮದೊಳಗೆ ಕೂದಲೆಳೆಯಷ್ಟು ಮೇಲಿರುವುದು ಹೇಗೆ ಎಂಬ ತಪಸ್ಸು ಶುರುವಾಗುತ್ತದೆ. ಮೇಲಿನ ದರ್ಜೆಯಲ್ಲಿ ಸೋತವನು ಎದುರಾಳಿಯ ದುಡ್ಡಿನ ಮೇಲೆ ತಪ್ಪು ಹೊರಿಸಿ ನೆಮ್ಮದಿಯಾಗಿ ಮಲಗಬಹುದು. ಇಲ್ಲಿ ಆ ಸೌಕರ್ಯವಿಲ್ಲ. ಹಾಗಾಗಿ ಅಗ್ಗದ ಕಾರಿನ ಮೇಜಿನಲ್ಲೇ ಲೆನ್ಸು, ಮಾಪಕ, ಪಿಸುಮಾತು ಹೆಚ್ಚು.

ತಮಿಯಾ ಎಂದೆನಲ್ಲ, ಅದರ ಕಥೆ ಶುರುವಾಗುವುದು ಮರದಿಂದ. ಯೋಶಿಯೊ ತಮಿಯಾ ಎಂಬವರು 1946ರಲ್ಲಿ ಶಿಜುಒಕಾ ಪಟ್ಟಣದಲ್ಲಿ ಇಟ್ಟಿದ್ದು ಮರ ಕೊಯ್ಯುವ ಮಿಲ್ಲು. ಅದರ ಜೊತೆಗೆ ಮರದ ಮಾದರಿಗಳನ್ನೂ ಮಾಡುತ್ತಿದ್ದರು. 1951ರಲ್ಲಿ ಬೆಂಕಿ ಬಿದ್ದು ದಾಸ್ತಾನು ಸುಟ್ಟಿತು. ಮುಂದೆ ಮರದ ವ್ಯಾಪಾರ ಬಿಟ್ಟು ಮಾದರಿಗಳನ್ನೇ ನೆಚ್ಚಿಕೊಂಡರು. 1960ರಲ್ಲಿ ಪ್ಲಾಸ್ಟಿಕ್‌ಗೆ ಬಂದರು. 1976ರಲ್ಲಿ ಮೊದಲ ರೇಡಿಯೊ ಕಾರು, ಪೋರ್ಷೆ 934, ಹನ್ನೆರಡನೇ ಒಂದು ಅಳತೆಯದು. ಈ ಮಾದರಿ ತದ್ರೂಪವಾಗಿರಬೇಕೆಂದು ಮಗ ಶುನ್‌ಸಾಕು ತಮಿಯಾ ಒಂದು ಅಸಲಿ ಪೋರ್ಷೆ 911 ಕಾರನ್ನೇ ಕೊಂಡು ತಂದು ಬಿಚ್ಚಿಸಿದರಂತೆ. ಮತ್ತೆ ಜೋಡಿಸಲು ಪೋರ್ಷೆಯ ತಂತ್ರಜ್ಞರೇ ಬರಬೇಕಾಯಿತಂತೆ. ಪ್ರತಿ ಕ್ಲಬ್ಬಿನಲ್ಲೂ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ, ಸಾಮಾನ್ಯವಾಗಿ ತಮ್ಮ ಕಾರನ್ನು ಬಿಚ್ಚಿ ಜೋಡಿಸಲಾರದೆ ಕೂತಿರುವಾಗ.

ಕಿಟ್ ಬರುವುದು ತುಂಡುತುಂಡಾಗಿ. ಪ್ಲಾಸ್ಟಿಕ್ ಭಾಗಗಳು ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡೇ ಇರುತ್ತವೆ, ಕತ್ತರಿಸಿ ತೆಗೆಯಬೇಕು. ತಿರುಪುಗಳ ಪೊಟ್ಟಣ ಬೇರೆ. ಇವು ನೋಡಲು ಸಾಮಾನ್ಯ ಪ್ಲಸ್ ತಿರುಪುಗಳೇ. ಆದರೆ ಜಪಾನಿನ ಪ್ಲಸ್ಸೇ ಬೇರೆ, ಫಿಲಿಪ್ಸ್ ಪ್ಲಸ್ಸೇ ಬೇರೆ. ಮನೆಯಲ್ಲಿರುವ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತುದಿ ಜಾರಿ, ತಲೆ ಸವೆದು, ಪ್ಲಸ್ಸು ಸೊನ್ನೆಯಾಗುತ್ತದೆ. ಜಪಾನಿ ಮಾನಕದ ಸ್ಕ್ರೂಡ್ರೈವರನ್ನು ಅದಕ್ಕೆಂದೇ ಕೊಳ್ಳಬೇಕು. ಅಗ್ಗದ ಕಾರಿಗೆ ಬೀಳುವ ಮೊದಲ ತೆರಿಗೆ ಇದು. ಎರಡನೆಯದು ಬೇರಿಂಗು. ಕಿಟ್‌ನಲ್ಲಿ ಬರುವುದು ಪ್ಲಾಸ್ಟಿಕ್ ಬುಷ್. ಅದನ್ನು ಎಸೆದು ಹೊರವ್ಯಾಸ 11 ಮಿ.ಮೀ., ಒಳವ್ಯಾಸ 5 ಮಿ.ಮೀ. ಇರುವ ಬಾಲ್ ಬೇರಿಂಗುಗಳನ್ನು ಕೂರಿಸಿದರೆ ಚಕ್ರ ಊದಿದರೂ ತಿರುಗುತ್ತದೆ. ಆಮೇಲೆ ಕಂಪನಿಯೇ ಮಾರುವ ನೀಲಿ ಅಲ್ಯೂಮಿನಿಯಂ ಬಿಡಿಭಾಗಗಳು ಕಣ್ಣು ಹೊಡೆಯುತ್ತವೆ. ಅವನ್ನೆಲ್ಲ ಹಾಕಿಸಿದವರ ಕಾರಿನಲ್ಲಿ ಕಾರಿಗಿಂತ ನೀಲಿಯ ಬೆಲೆಯೇ ಹೆಚ್ಚು.

ಜೋಡಿಸುವ ಸಂಜೆಗಳಲ್ಲಿ ಮನೆಯ ಮಾತುಕತೆ ಸ್ವಲ್ಪ ಬದಲಾಗುತ್ತದೆ.

“ರೀ, ಹಾಲು ಉಕ್ತಾ ಇದೆ, ಒಲೆ ಆರಿಸಿ.”

“ಒಂದ್ನಿಮಿಷ, ಕೈಯಲ್ಲಿ ಡಿಫರೆನ್ಷಿಯಲ್ ಇದೆ.”

“ಕೆಳಗಿಟ್ಟು ಬನ್ನಿ.”

“ಕೆಳಗಿಟ್ರೆ ಉರುಳತ್ತೆ.”

ಉರುಳುತ್ತದೆ, ನಿಜ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡಕ್ಕೂ ಬೇರೆ ಬೇರೆ ವೇಗ ಕೊಡುವ ಈ ಹಲ್ಲುಚಕ್ರಗಳ ಗುಂಪಿಗೆ 1827ರಲ್ಲಿ ಪೇಟೆಂಟ್ ಪಡೆದವನು ಒನೆಸಿಫೋರ್ ಪೆಕೆರ್ ಎಂಬ ಫ್ರೆಂಚ್ ಗಡಿಯಾರದವನು, ತನ್ನ ಉಗಿಬಂಡಿಗಾಗಿ. ಟಿಟಿ-02ರಲ್ಲಿ ಮುಂದೊಂದು ಹಿಂದೊಂದು ಇವೆ, ಎರಡೂ ತೀರಾ ಸಡಿಲ. ಹಾಗೇ ಬಿಟ್ಟರೆ ತಿರುವಿನಲ್ಲಿ ಭಾರವಿಲ್ಲದ ಒಳಚಕ್ರವೇ ಗಿರಗಿರ ತಿರುಗಿ ಶಕ್ತಿಯನ್ನೆಲ್ಲ ಪೋಲು ಮಾಡುತ್ತದೆ. ಅದಕ್ಕೇ ಒಳಗೆ ದಪ್ಪ ಗ್ರೀಸು ತುಂಬುತ್ತಾರೆ. ಎಷ್ಟು ದಪ್ಪ? ಇದು ಕೇಳಬಾರದ ಪ್ರಶ್ನೆ. ಮುಂದೆ ಗಟ್ಟಿ, ಹಿಂದೆ ಸಡಿಲ ಎಂಬಲ್ಲಿಯವರೆಗೆ ಎಲ್ಲರೂ ಉದಾರವಾಗಿ ಹೇಳುತ್ತಾರೆ. ಗ್ರೀಸಿನ ಹೆಸರು ಕೇಳಿದರೆ ಮಾತು ಹವಾಮಾನಕ್ಕೆ ಹೊರಳುತ್ತದೆ.

ಸ್ಟಿಯರಿಂಗಿನ ಹಿಂದೆಯೂ ಒಂದು ಹಳೆಯ ಸಂಗತಿ ಇದೆ. ತಿರುವಿನಲ್ಲಿ ಒಳಗಿನ ಮುಂಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕೆಂಬ ಜ್ಯಾಮಿತಿಯನ್ನು ಕುದುರೆಗಾಡಿಗಾಗಿ ಕಂಡುಹಿಡಿದವನು ಮ್ಯೂನಿಕ್‌ನ ಲಾಂಕೆನ್‌ಸ್ಪೆರ್ಗರ್. 1818ರಲ್ಲಿ ಅವನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿಕೊಟ್ಟವನು ಲಂಡನ್ನಿನ ಪುಸ್ತಕ ಪ್ರಕಾಶಕ ಆಕರ್‌ಮನ್. ಇಂದಿಗೂ ಜಗತ್ತೆಲ್ಲ ಅದನ್ನು ಆಕರ್‌ಮನ್ ಎಂದೇ ಕರೆಯುತ್ತದೆ. ಪ್ರಕಾಶಕರ ಕೈಗೆ ಏನನ್ನಾದರೂ ಕೊಡುವ ಲೇಖಕರು ಇದನ್ನು ಗಮನಿಸಬಹುದು.

ಕುಲುಕಾಟ ತಡೆಯುವ ಡ್ಯಾಂಪರುಗಳ ಕಥೆ ಇನ್ನೂ ಸೊಗಸು. ಕಿಟ್‌ನ ಡ್ಯಾಂಪರಿನಲ್ಲಿ ಎಣ್ಣೆಯೇ ಇಲ್ಲ, ಬರೀ ಸ್ಪ್ರಿಂಗು ಮತ್ತು ಉಜ್ಜಾಟ. ನಮ್ಮ ಕ್ಲಬ್ಬು ಎಣ್ಣೆಯ ಪ್ಲಾಸ್ಟಿಕ್ ಡ್ಯಾಂಪರಿಗೆ ಅನುಮತಿ ಕೊಟ್ಟಿದೆ. ಸಿಲಿಕಾನ್ ಎಣ್ಣೆ ತುಂಬಿ, ಪಿಸ್ಟನ್ನನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಒಡೆಯುವುದನ್ನು ಕಾಯಬೇಕು. ದೇವರ ಮುಂದೆ ಎರಡು ನಿಮಿಷ ಕೂರಲಾರದವರು ಗುಳ್ಳೆಯ ಮುಂದೆ ಅರ್ಧ ಗಂಟೆ ಕೂರುತ್ತಾರೆ. ಕಾರು ವಾಲಿದಾಗಲೂ ಟೈರು ಪೂರ್ತಿ ನೆಲ ಹಿಡಿಯಲೆಂದು ಚಕ್ರದ ತಲೆಯನ್ನು ಒಂದೆರಡು ಡಿಗ್ರಿ ಒಳಗೆ ಬಾಗಿಸುವುದು, ಹಿಂಚಕ್ರಗಳ ಮೂತಿಯನ್ನು ತುಸು ಒಳಮುಖ ಮಾಡುವುದು, ತಳಕ್ಕೂ ಕಾರ್ಪೆಟ್ಟಿಗೂ ನಡುವೆ ಐದು ಮಿ.ಮೀ. ಅಂತರ ಬಿಡುವುದು ಇವೆಲ್ಲ ಉಳಿದ ಶಾಸ್ತ್ರಗಳು. ಪಾಲಿಕಾರ್ಬೊನೇಟ್ ಹೊದಿಕೆಗೆ ಬಣ್ಣವನ್ನು ಒಳಗಿನಿಂದ ಬಳಿಯುತ್ತಾರೆ, ಆದ್ದರಿಂದ ಗೋಡೆಗೆ ಉಜ್ಜಿದರೂ ಬಣ್ಣ ಹೋಗುವುದಿಲ್ಲ. ಹೋಗುವುದು ಬಂಪರು.

ಈಗ ಸಮಾನತೆಗೆ ಬರೋಣ. ಮೋಟಾರು ಎಲ್ಲರಿಗೂ ಒಂದೇ, ಆದರೆ ಕಾರ್ಖಾನೆಯಿಂದ ಬಂದ ಎರಡು ಮೋಟಾರುಗಳು ಒಂದೇ ಅಲ್ಲ. ನಮ್ಮ ಪಕ್ಕದ ಮೇಜಿನ ನಿವೃತ್ತ ಪ್ಲಂಬರ್ ಡಜನ್ನುಗಟ್ಟಲೆ ಮೋಟಾರು ತರಿಸಿ, ಒಂದೊಂದನ್ನೂ ಓಡಿಸಿ ನೋಡಿ, ಚುರುಕಾದ ಒಂದನ್ನು ಕಾಲುಚೀಲದಲ್ಲಿ ಸುತ್ತಿಟ್ಟುಕೊಳ್ಳುತ್ತಾರೆ. ಇನ್ನೂ ಕೆಲವರು ಹೊಸ ಮೋಟಾರನ್ನು ಲೋಟದ ನೀರಿನಲ್ಲಿ ಮುಳುಗಿಸಿ ಕಡಿಮೆ ವೋಲ್ಟೇಜಿನಲ್ಲಿ ಓಡಿಸುತ್ತಾರೆ. ಒಳಗಿನ ಕಾರ್ಬನ್ ಬ್ರಷ್ಷು ಬೇಗ ಸವೆದು ಸರಿಯಾಗಿ ಕೂರುತ್ತದಂತೆ, ನೀರು ಕಪ್ಪಾದರೆ ಕೆಲಸವಾಯಿತಂತೆ. ವಿದ್ಯುತ್ ಮೋಟಾರಿಗೆ ಜಲಸಮಾಧಿ ಎಂದು ಗಾಬರಿಪಡುವಂತಿಲ್ಲ, ಒಣಗಿಸಿ ಎರಡು ಹನಿ ಎಣ್ಣೆ ಬಿಟ್ಟರೆ ಅದು ಎದ್ದು ಓಡುತ್ತದೆ. ಇದರಿಂದ ಎಷ್ಟು ಲಾಭ ಎಂಬ ಬಗ್ಗೆ ನನಗೆ ಅನುಮಾನಗಳಿವೆ. ಲೋಟವನ್ನು ಮತ್ತೆ ಅಡುಗೆಮನೆಗೆ ಇಡುವ ಬಗ್ಗೆ ನಮ್ಮ ಮನೆಯಲ್ಲಿ ಯಾವ ಅನುಮಾನವೂ ಇಲ್ಲ.

ಟೈರೂ ಒಂದೇ. ಅದಕ್ಕೇ ಓಟಕ್ಕೆ ಮೊದಲು ಅದಕ್ಕೊಂದು ದ್ರವ ಬಳಿಯುತ್ತಾರೆ. ರಬ್ಬರು ಮೆತ್ತಗಾಗಿ ಕಾರ್ಪೆಟ್ಟನ್ನು ಹಿಡಿಯುತ್ತದೆ. ಎಷ್ಟು ಅಗಲ ಬಳಿಯಬೇಕು, ಎಷ್ಟು ಹೊತ್ತು ಬಿಟ್ಟು ಒರೆಸಬೇಕು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಪದ್ಧತಿ. ಶಾಲೆಯ ಹಾಲಿನಲ್ಲಿ ಮಾರನೆಯ ದಿನ ಮಕ್ಕಳು ಪ್ರಾರ್ಥನೆಗೆ ನಿಲ್ಲಬೇಕಾದ್ದರಿಂದ ವಾಸನೆಯಿಲ್ಲದ ದ್ರವವೇ ಆಗಬೇಕು. ಒಮ್ಮೆ ಮೂಡುಬಿದಿರೆ ಕಡೆಯ ಗೆಳೆಯರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಟೈರಿಗೆ ಬಳಿಯುವುದನ್ನು ಬಹಳ ಹೊತ್ತು ನೋಡಿ, “ಎಂಥ ಮಾರಾಯ್ರೆ ಇದು, ನಮ್ಮಲ್ಲಿ ಕಂಬಳಕ್ಕೆ ಮುಂಚೆ ಕೋಣಗಳಿಗೆ ಎಣ್ಣೆ ತಿಕ್ಕಿದ ಹಾಗೇ ಉಂಟಲ್ಲ,” ಎಂದರು. ಸ್ವಲ್ಪ ಯೋಚಿಸಿ, “ಕೋಣಕ್ಕಾದ್ರೆ ಅಷ್ಟಾದ್ರೂ ಖುಷಿ ಆಗ್ತದೆ,” ಎಂದು ಸೇರಿಸಿದರು.

ಆ ಮಗಳಿಗೆ ಹತ್ತು ವರ್ಷ. ಅವಳೇ ನಮ್ಮ ದರ್ಜೆಯ ದೊಡ್ಡ ಸಮಸ್ಯೆಯಾಗುತ್ತಾಳೆಂದು ಅಂದು ಯಾರಿಗೂ ಹೊಳೆಯಲಿಲ್ಲ. ಚಾಲಕರು ಒಂದು ಎತ್ತರದ ಅಟ್ಟದ ಮೇಲೆ ಸಾಲಾಗಿ ನಿಂತು ಓಡಿಸಬೇಕು. ಕಾರು ನಮ್ಮಿಂದ ದೂರ ಹೋಗುವಾಗ ಎಡ ಎಡವೇ, ಬಲ ಬಲವೇ. ತಿರುಗಿ ನಮ್ಮತ್ತ ಬರುವಾಗ ಎರಡೂ ಅದಲುಬದಲು. ನೀವೇ ಕಾರಿನೊಳಗೆ ಕೂತಿದ್ದೀರಿ ಎಂದು ಭಾವಿಸಿಕೊಳ್ಳಿ ಎಂದು ಅನುಭವಿಗಳು ಹೇಳುತ್ತಾರೆ. ಐವತ್ತು ದಾಟಿದ ಬುದ್ಧಿ ಅಷ್ಟು ಸಣ್ಣ ಕಾರಿನೊಳಗೆ ತೂರುವುದಿಲ್ಲ. ಮಕ್ಕಳು ಸಲೀಸಾಗಿ ತೂರುತ್ತಾರೆ. 14 ವಿಶ್ವ ಪ್ರಶಸ್ತಿಗಳನ್ನು ಗೆದ್ದ ಜಪಾನಿನ ಮಸಾಮಿ ಹಿರೋಸಾಕಾಗೂ 1987ರಲ್ಲಿ ಇದೇ ಇಂಗ್ಲೆಂಡಿನಲ್ಲಿ ಮೊದಲ ಪ್ರಶಸ್ತಿ ಬಂದಾಗ ಇನ್ನೂ ಹದಿಹರೆಯ. ಈ ಹುಡುಗಿಯ ಕಾರಿನಲ್ಲಿ ನೀಲಿ ಅಲ್ಯೂಮಿನಿಯಂ ಇಲ್ಲ, ಮೋಟಾರು ನೀರು ಕಂಡಿಲ್ಲ, ಡಿಫರೆನ್ಷಿಯಲ್‌ನಲ್ಲಿ ಕಿಟ್‌ನ ಜೊತೆ ಬಂದ ಗ್ರೀಸೇ ಇದೆ. ಅವಳು ಮಾಡುವುದು ಒಂದೇ: ಹಲಗೆಗೆ ಗುದ್ದುವುದಿಲ್ಲ. ಐದು ನಿಮಿಷದ ಓಟ. ಕಾರಿನಲ್ಲಿರುವ ಟ್ರಾನ್ಸ್‌ಪಾಂಡರ್ ಪ್ರತಿ ಸುತ್ತನ್ನೂ ಎಣಿಸುತ್ತದೆ. ಗುದ್ದದೆ ಓಡಿದವರ ಸುತ್ತುಗಳೇ ಹೆಚ್ಚು. ಇಷ್ಟು ಸರಳವಾದದ್ದನ್ನು ಹಿರಿಯರು ನಂಬಲು ಸಿದ್ಧರಿಲ್ಲ. ಅವಳ ಓಟ ಮುಗಿದ ಮೇಲೆ ಪ್ಲಂಬರ್ ಅವಳ ಕಾರನ್ನು ತಲೆಕೆಳಗು ಮಾಡಿ ಬಹಳ ಹೊತ್ತು ನೋಡುತ್ತಾರೆ. “ಅಂಕಲ್, ಅವರು ಏನು ಹುಡುಕ್ತಿದ್ದಾರೆ?” ಎಂದು ನನ್ನನ್ನು ಕೇಳುತ್ತಾಳೆ.

ಓಟ ಮುಗಿಸಿದವರು ಮುಂದಿನ ಓಟಕ್ಕೆ ಮಾರ್ಷಲ್ ಆಗಿ ತಿರುವುಗಳಲ್ಲಿ ನಿಲ್ಲಬೇಕು, ಮಗುಚಿದ ಕಾರುಗಳನ್ನು ಎತ್ತಿ ನಿಲ್ಲಿಸಬೇಕು. ಈಗತಾನೆ ಸೋತವನ ಮುಖ ಹೊತ್ತು, ತನ್ನನ್ನು ಗುದ್ದಿ ಕೆಡವಿದವನ ಗೆಳೆಯನ ಕಾರನ್ನೇ ಓಡಿ ಹೋಗಿ ಎತ್ತಬೇಕಾದ ಈ ಪದ್ಧತಿಯನ್ನು ಯಾರು ಹುಟ್ಟುಹಾಕಿದರೋ, ಅವರಿಗೆ ಮನುಷ್ಯಸ್ವಭಾವ ಚೆನ್ನಾಗಿ ಗೊತ್ತಿತ್ತು. ಹಿಂದೆ ರೇಡಿಯೊಗಳು 27 ಮೆಗಾಹರ್ಟ್ಜ್‌ನಲ್ಲಿದ್ದ ಕಾಲದಲ್ಲಿ ಪೆಚ್ಚಾಗಲು ಇನ್ನೂ ಒಂದು ದಾರಿಯಿತ್ತು. ಇಬ್ಬರ ರೇಡಿಯೊದೊಳಗಿನ ಹರಳು ಒಂದೇ ಕಂಪನಾಂಕದ್ದಾದರೆ ಒಬ್ಬನ ಕೈಯಾಟಕ್ಕೆ ಇನ್ನೊಬ್ಬನ ಕಾರು ಗೋಡೆಗೆ ನುಗ್ಗುತ್ತಿತ್ತು. ಹಾಗಾಗಿ ಆ ಕಂಪನಾಂಕದ ಬಣ್ಣದ ಕ್ಲಿಪ್ಪು ಸಿಕ್ಕಿಸಿಕೊಂಡವರಿಗೆ ಮಾತ್ರ ರೇಡಿಯೊ ಹಚ್ಚುವ ಹಕ್ಕಿತ್ತು. 2.4 ಗಿಗಾಹರ್ಟ್ಜ್ ಬಂದ ಮೇಲೆ ಆ ರಗಳೆ ತಪ್ಪಿತು, ಜೊತೆಗೆ ಒಂದು ಒಳ್ಳೆಯ ನೆಪವೂ ತಪ್ಪಿತು.

ಸಾಮರ್ಥ್ಯಕ್ಕೆ ತಕ್ಕಂತೆ ಎ, ಬಿ, ಸಿ ಫೈನಲ್‌ಗಳು. ನಾನು ಸಿ ಫೈನಲ್‌ನ ಕಾಯಂ ನಿವಾಸಿ. ಅಲ್ಲಿ ಗುದ್ದಾಟ ಹೆಚ್ಚು, ಸೌಹಾರ್ದವೂ ಹೆಚ್ಚು. ಕಾರಿನ ಚಕ್ರ ಹಿಡಿಯುವ ಒಂದು ತೋಳು ಮುರಿದರೆ ಅದಿರುವ ಚೌಕಟ್ಟನ್ನೇ ಪೂರ್ತಿ ಕೊಳ್ಳಬೇಕು, ಹೀಗಾಗಿ ನಮ್ಮೆಲ್ಲರ ಡ್ರಾಯರಿನಲ್ಲಿ ಮುರಿಯದ ಭಾಗಗಳು ಬೆಳೆಯುತ್ತಲೇ ಇರುತ್ತವೆ.

ಕಳೆದ ವಾರ್ಷಿಕ ಸಭೆಯಲ್ಲಿ ಮೋಟಾರಿನ ವಿಷಯ ಬಂತು. ಆರಿಸಿ ತರುವುದು, ನೀರಿಗೆ ಹಾಕುವುದು ಇದೆಲ್ಲ ಇನ್ನು ಬೇಡ, ಕ್ಲಬ್ಬೇ ಮೋಟಾರುಗಳನ್ನು ಕೊಂಡು ಒಂದು ಚೀಲದಲ್ಲಿ ಹಾಕಲಿ, ಆ ಸಂಜೆಯ ಮಟ್ಟಿಗೆ ಒಬ್ಬೊಬ್ಬರಿಗೆ ಒಂದೊಂದು ಸಿಗಲಿ ಎಂದಾಯಿತು. ಕೈಗಳೆಲ್ಲ ಮೇಲೆದ್ದವು. ಚೀಲದಿಂದ ತೆಗೆಯುವವರು ಯಾರು ಎಂದು ಒಬ್ಬರು ಕೇಳಿದರು. ಮಗುವಿನ ಕೈಯಲ್ಲಿ ತೆಗೆಸಿದರೆ ಯಾರಿಗೂ ತಕರಾರಿರದು ಎಂದರು ಮೂಡುಬಿದಿರೆಯವರು. ಹಾಲಿನಲ್ಲಿ ಅಂದು ಇದ್ದದ್ದು ಒಂದೇ ಮಗು. ಪ್ಲಂಬರ್ ಕೈ ಎತ್ತಿ, ಅವಳೂ ಸ್ಪರ್ಧಿಯೇ ತಾನೆ, ಕೈಗೆ ಕವಸು ಹಾಕಿಕೊಂಡು ತೆಗೆಯಬೇಕೆಂದು ನಿಯಮ ಮಾಡೋಣ ಎಂದರು. ಕವಸು ಎಷ್ಟು ದಪ್ಪ ಇರಬೇಕೆಂಬ ಚರ್ಚೆ ಮುಂದಿನ ಸಭೆಗೆ ಹೋಗಿದೆ.